ತೇಪೆ ಹಚ್ಚಿದ ಕೋಟಿನ ವಕೀಲರು

ಟ್ರಂಕಿನ ತಳದಲ್ಲಿ ಅತ್ತೆಯವರ ಇಳಕಲ್ ಸೀರೆ, ಯಜಮಾನರ ಹಳೇ ಕೋಟು ಹಾಗೇ ಬಿದ್ದಿವೆ ಅಲ್ವಾ? ತೆಗೆದು ಏನಾದ್ರೂ ಹೊಲಿಯೋಣ ಅಂದ್ರೆ ಜನ ಏನಂದಾರು ಅನ್ನೋ ಅಳುಕು. ನನಗೂ ಇತ್ತು. ಹಳೇ ಸೀರೆಯಲ್ಲಿ ಮಗಳಿಗೆ ಚೆಂದದ ಜಾಕೆಟ್ ಹೊಲಿದು, ಮದುವೆಮನೆಯಲ್ಲಿ ಎಲ್ಲಿ ತಗೊಂಡ್ರಿ ಅಂತ ಕೇಳಿದಾಗ ಅಂಗಡಿಯದ್ದು ಅಂತ ಸುಳ್ಳು ಹೇಳಿದವಳು ನಾನು. ಆ ನಾಚಿಕೆ ಬಿಡಿಸಿದ್ದು ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರ ಬದುಕು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಎಳವೆಯಲ್ಲೇ ತಾಯಿ ತೀರಿಕೊಂಡರು, ಸಾಕಿದ್ದು ಅಜ್ಜಿ. ಮುಂಬೈಯಲ್ಲಿ ಓದಿ 1904ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದರು. ಒಳ್ಳೇ ವಕೀಲಿ, ಊರಲ್ಲಿ ಮರ್ಯಾದೆ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದರು. ಮನಸ್ಸು ಮಾಡಿದ್ದರೆ ದಿನಕ್ಕೊಂದು ಹೊಸ ಕೋಟು ಹಾಕಿಕೊಳ್ಳಬಹುದಿತ್ತು.

ಆದರೆ ಅವರ ಮನಸ್ಸು ಹಳೇ ತಾಡೋಲೆಗಳ ಮೇಲಿತ್ತು. ಬಸವಣ್ಣನವರ ಕಾಲದ ಶರಣರ ವಚನಗಳು ಮನೆ ಮನೆಯ ಜಗಲಿ ಮೇಲೆ ಗಂಟು ಕಟ್ಟಿದ ಹಾಗೇ ಹುಳು ಹಿಡಿಯುತ್ತಿದ್ದವು. ಪೂಜೆಗೆ ಉಂಟು, ಓದುವವರಿಲ್ಲ. ಇವರು ಊರೂರು ತಿರುಗಿ, ಬೇಡಿ, ಅವನ್ನು ಕೂಡಿಸಿ, ಒಂದಕ್ಕೊಂದು ತಾಳೆ ನೋಡಿ ಓದುವ ಹಾಗೆ ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. ಮುದ್ರಣಕ್ಕೆ ಸ್ವಂತ ಪ್ರೆಸ್ ಬೇಕೆಂದು 1925ರಲ್ಲಿ ಇದ್ದ ಮನೆಯನ್ನೇ ಮಾರಿದರು! ಮರುವರ್ಷ ಶಿವಾನುಭವ ಪತ್ರಿಕೆ ಶುರುಮಾಡಿದರು. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

ಮನೆ ಹೋಯಿತು, ವಕೀಲಿ ಹಿಂದೆ ಬಿತ್ತು, ಬಾಡಿಗೆ ಮನೆಯ ಸಂಸಾರ. ಪತ್ನಿ ಭಾಗೀರಥಿಬಾಯಿಯವರು ಆ ಒಲೆ ಹೇಗೆ ಉರಿಸಿದರೋ, ನಮ್ಮಂಥವರೇ ಊಹಿಸಬೇಕು. ಹಳಕಟ್ಟಿಯವರು ಹರಿದ ಕೋಟಿಗೆ ತೇಪೆ ಹಚ್ಚಿಕೊಂಡು ಓಡಾಡುತ್ತಿದ್ದರು ಅಂತ ಹಿರಿಯರು ಇಂದಿಗೂ ನೆನೆಯುತ್ತಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. ಅಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದಿದ್ದರು. ಅವರ ಹುಟ್ಟುಹಬ್ಬ ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ. ಅಂದಹಾಗೆ, ಆ ಶರಣರಲ್ಲಿ ಬಟ್ಟೆ ಹೊಲಿಯುವ ಸೂಜಿಕಾಯಕದ ರಾಮಿತಂದೆಯೂ ಒಬ್ಬರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಅಜ್ಜಿಯರು ಕೌದಿ ಹೊಲಿಯುವುದೂ ಇದೇ ರೀತಿ ಅಲ್ವೇನ್ರೀ? ಹರಿದದ್ದನ್ನು ಎಸೆಯದೆ ಜೋಡಿಸಿ, ಮೊಮ್ಮಕ್ಕಳಿಗೆ ಹೊದಿಸುತ್ತಾರೆ. ಹಾಗಿದ್ದ ಮೇಲೆ ನಮಗ್ಯಾಕೆ ನಾಚಿಕೆ?

ಈ ವಾರವೇ ಟ್ರಂಕು ತೆಗೆಯಿರಿ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆ ಬಿದ್ದಲ್ಲಿ ಜಾಳಾಗಿದ್ದರೆ ಆ ಭಾಗ ಬಿಟ್ಟುಬಿಡಿ. ದಡಿ, ಸೆರಗು ಗಟ್ಟಿಯಿದ್ದರೆ ಕುರ್ತಾದ ತೋಳಿಗೆ, ಜಾಕೆಟ್ಟಿನ ಬೆನ್ನಿಗೆ ಚೆಂದ ಒಪ್ಪುತ್ತವೆ. ಒಳಗೆ ಒಗೆದು ಇಸ್ತ್ರಿ ಮಾಡಿದ ತೆಳು ಹತ್ತಿಬಟ್ಟೆ ಲೈನಿಂಗ್ ಕೊಡಿ. ಒಗೆಯದೇ ಕೊಟ್ಟರೆ ಆಮೇಲೆ ಜಗ್ಗಿ ಸುಕ್ಕಾಗುತ್ತೆ. ಕೋಟಿನ ತೋಳು ಸವೆದಿದ್ದರೆ ತೋಳು ಬಿಚ್ಚಿ, ಕಂಕುಳ ಅಂಚಿಗೆ ಪಟ್ಟಿ ಕೊಟ್ಟರೆ ಮಗನಿಗೆ ತೋಳಿಲ್ಲದ ಜಾಕೆಟ್ ಸಿದ್ಧ. ಮೊಣಕೈ ಮಾತ್ರ ಹರಿದಿದ್ದರೆ ತೂತಿಗಿಂತ ಸುತ್ತಲೂ ಒಂದಿಂಚು ದೊಡ್ಡ ತೇಪೆ ಕತ್ತರಿಸಿ, ಅಂಚು ಒಳಮಡಚಿ, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಹೆಮ್ಮಿಂಗ್ ಮಾಡಿ. ಬೇರೆ ಬಣ್ಣದ ತೇಪೆಯಾದರೂ ಪರವಾಗಿಲ್ಲ, ಈಗ ಅದೇ ಫ್ಯಾಷನ್ನು!

ಯಾರಾದ್ರೂ ಎಲ್ಲಿ ತಗೊಂಡ್ರಿ ಅಂತ ಕೇಳಿದ್ರೆ, ಮನೇಲಿ ಹೊಲಿದದ್ದು, ನಮ್ಮತ್ತೆ ಸೀರೆ ಅಂತ ತಲೆ ಎತ್ತಿ ಹೇಳಿ. ನಾನಂತೂ ಈಗ ಹಾಗೇ ಹೇಳ್ತೀನಿ.