ಕಗ್ಗದ ಕವಿಯೊಳಗಿದ್ದ ಪತ್ರಕರ್ತ

ಬೆಂಗಳೂರಿನ ಬಸವನಗುಡಿಯಲ್ಲಿ ಡಿ.ವಿ.ಜಿ. ಅವರ ಹೆಸರಿನ ರಸ್ತೆಯಿದೆ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ನಾಡಿನ ಅಸಂಖ್ಯ ಮನೆಗಳಲ್ಲಿ 'ಮಂಕುತಿಮ್ಮನ ಕಗ್ಗ'ವಿದೆ. ಕವಿಯಾಗಿ, ತತ್ತ್ವಚಿಂತಕರಾಗಿ ಅವರನ್ನು ಕನ್ನಡಿಗರು ಮರೆತಿಲ್ಲ. ಆದರೆ ಅವರು ಬದುಕಿಗೆಂದು ಆರಿಸಿಕೊಂಡದ್ದು ಕಾವ್ಯವನ್ನಲ್ಲ, ಪತ್ರಿಕೆಯನ್ನು. ಜಿಲ್ಲೆ-ತಾಲ್ಲೂಕುಗಳ ಪತ್ರಿಕೆಗಳು ಒಂದೊಂದಾಗಿ ಬಡವಾಗುತ್ತಿರುವ ಈ ದಿನಗಳಲ್ಲಿ ಪತ್ರಕರ್ತ ಡಿ.ವಿ.ಜಿ. ನೆನಪಾಗುವುದು ಸಹಜ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆ ಅವರಿಗೆ ಒಲಿಯಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದರು. ಜೀವನೋಪಾಯ ಅರಸಿ ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕೆಲಸವನ್ನೂ ಕಲಿತರು. ಅಲ್ಲಿಂದ ಅವರನ್ನು ಕರೆದುಕೊಂಡದ್ದು 'ಸೂರ್ಯೋದಯ ಪ್ರಕಾಶಿಕಾ' ಪತ್ರಿಕೆ. ಪದವಿಯಿಲ್ಲದ ಆ ತರುಣನಿಗೆ ಪತ್ರಿಕಾ ಕಚೇರಿಯೇ ವಿದ್ಯಾಶಾಲೆಯಾಯಿತು.

ಆ ಶಾಲೆಯ ಬಾಗಿಲು ಬಹುಬೇಗ ಮುಚ್ಚಿತು. ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಕಾನೂನನ್ನು ಜಾರಿಗೆ ತಂದಿತು. ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಂಡರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಅವಕಾಶವೂ ಇರಲಿಲ್ಲ. ಮೈಸೂರಿನಲ್ಲಿ ತಾತಯ್ಯನೆಂದೇ ಜನ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ಪ್ರತಿಭಟನಾರ್ಥವಾಗಿ ನಿಲ್ಲಿಸಿದರು. 'ಸೂರ್ಯೋದಯ ಪ್ರಕಾಶಿಕಾ' ಕೂಡ ನಿಂತಿತು. ಇಪ್ಪತ್ತೊಂದರ ವಯಸ್ಸಿನಲ್ಲಿ ಗುಂಡಪ್ಪ, ಪತ್ರಿಕೆಯೊಂದು ನಿಂತಾಗ ಊರಿಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ಅಧಿಕಾರಿಯ ತಪ್ಪು ಹಾಗೆಯೇ ಉಳಿಯುತ್ತದೆ. ಅದನ್ನು ಹೇಳುವ ಬಾಯಿ ಮಾತ್ರ ಇರುವುದಿಲ್ಲ.

ಐದು ವರ್ಷಗಳ ಬಳಿಕ, 1913ರಲ್ಲಿ, ಅದೇ ಕಾನೂನಿನ ನೆರಳಿನಲ್ಲಿ ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಅರ್ಧವಾರ ಪತ್ರಿಕೆಯನ್ನು ಆರಂಭಿಸಿದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಇಬ್ಬರ ನಡುವೆ ಆಳವಾದ ಪರಸ್ಪರ ಗೌರವವಿತ್ತು. ಆದರೂ ಪತ್ರಿಕೆ ದಿವಾನರ ಕೈಗೊಂಬೆಯಾಗಲಿಲ್ಲ. ಸಂಸ್ಥಾನದ ಆಡಳಿತ, ಪ್ರಜಾಪ್ರತಿನಿಧಿಗಳ ಹಕ್ಕು, ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ರಾಜ್ಯವ್ಯವಸ್ಥೆಯಲ್ಲಿ ದೊರೆಯಬೇಕಾದ ಸ್ಥಾನ - ಇವೇ ಅದರ ಮುಖ್ಯ ವಿಷಯಗಳು. ಪ್ರಶಂಸೆಗೂ ಟೀಕೆಗೂ ಅಧ್ಯಯನದ ಆಧಾರ ಬೇಕೆಂಬುದು ಸಂಪಾದಕರ ಕ್ರಮ. ಅಂಕಿ ಅಂಶ ನೋಡದೆ, ಕಡತ ಓದದೆ ಬರೆಯುವ ಅಭ್ಯಾಸ ಅವರಿಗಿರಲಿಲ್ಲ.

'ಕರ್ನಾಟಕ' 1921ರವರೆಗೆ ನಡೆಯಿತು. ಆ ವರ್ಷಗಳ ಅವರ ಗೃಹಕೃತ್ಯ ಬಹು ಕಷ್ಟದ್ದು. ಉಟ್ಟುಕೊಂಡು ಹೋಗಲು ಯೋಗ್ಯವಾದ ಸೀರೆಯಿಲ್ಲದೆ ಪತ್ನಿ ಭಾಗೀರಥಮ್ಮನವರು ಬಂಧುಗಳ ಮನೆಯ ಸಮಾರಂಭಕ್ಕೆ ಹೋಗದೆ ಉಳಿದರೆಂಬ ಪ್ರಸಂಗವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 1924ರಲ್ಲಿ ಆಕೆ ತೀರಿಕೊಂಡರು. ಡಿ.ವಿ.ಜಿ. ಮತ್ತೆ ವಿವಾಹವಾಗಲಿಲ್ಲ. ಮುಂದೆ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಸರ್ಕಾರಕ್ಕೆ ಬರೆದುಕೊಟ್ಟ ಟಿಪ್ಪಣಿಗಳಿಗಾಗಿ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆಂಬುದೂ ಜನಜನಿತ ಕಥೆ. ಅದು ವೈರಾಗ್ಯದ ಪ್ರದರ್ಶನವಲ್ಲ. ಸರ್ಕಾರದ ಹಣ ಮನೆಗೆ ಬಂದರೆ ನಾಳೆ ಸರ್ಕಾರದ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ ಎಂಬ ವೃತ್ತಿಯ ವಿವೇಕ.

ಆದರೆ ಒಬ್ಬ ವ್ಯಕ್ತಿಯ ತ್ಯಾಗದ ಮೇಲೆ ಒಂದು ವೃತ್ತಿ ನಿಲ್ಲಲಾರದು. ಇದನ್ನು ಡಿ.ವಿ.ಜಿ. ಅರಿತಿದ್ದರು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, 1928ರಲ್ಲಿ, ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬಾಗಲಕೋಟೆಯಲ್ಲಿ ಪತ್ರಿಕಾಕರ್ತರ ಸಮ್ಮೇಳನ ಸೇರಿದಾಗ ಅದರ ಅಧ್ಯಕ್ಷತೆ ವಹಿಸಿದವರು ಅವರೇ. 'ವೃತ್ತಪತ್ರಿಕೆ' ಎಂಬ ಪುಸ್ತಕದಲ್ಲಿ ಪತ್ರಿಕೆಯ ಧರ್ಮವನ್ನೂ ವ್ಯವಹಾರವನ್ನೂ ವಿವೇಚಿಸಿದರು. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ 1932ರ ತನ್ನ ಹುಟ್ಟಿನೊಡನೆ ಅವರ ಹೆಸರನ್ನೇ ಸ್ಮರಿಸುತ್ತದೆ.

ಪತ್ರಿಕೆಯ ಹೊರಗೂ ಅವರು ಸಾರ್ವಜನಿಕ ಜೀವನವನ್ನು ಬಿಟ್ಟವರಲ್ಲ. ಬೆಂಗಳೂರು ಪುರಸಭೆಯಲ್ಲಿ, ಮೈಸೂರು ನ್ಯಾಯವಿಧಾಯಕ ಸಭೆಯಲ್ಲಿ ಸದಸ್ಯರಾಗಿ ದುಡಿದರು. 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ ಅವರ ಪತ್ರಿಕಾಜೀವನದ ಮುಂದುವರಿಕೆಯೇ ಆಗಿತ್ತು. ಆಯವ್ಯಯವನ್ನು ಓದಿ ತಿಳಿಯಬಲ್ಲ, ರಾಜ್ಯಾಂಗವನ್ನು ಚರ್ಚಿಸಬಲ್ಲ ಪ್ರಜೆಗಳಿಲ್ಲದಿದ್ದರೆ ಒಳ್ಳೆಯ ಪತ್ರಿಕೆಯನ್ನು ಕೊಳ್ಳುವವರಾದರೂ ಯಾರು? ಸಂಪಾದಕನಾಗಿ ಆರಂಭಿಸಿದವರು ಕಡೆಗೆ ಓದುಗನನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿದರು. 1970ರ ಸಾರ್ವಜನಿಕ ಸನ್ಮಾನದಲ್ಲಿ ಅರ್ಪಿತವಾದ ಒಂದು ಲಕ್ಷ ರೂಪಾಯಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು, ಎಂಬತ್ತೆಂಟರ ವಯಸ್ಸಿನಲ್ಲಿ, ಅವರು ನಿಧನರಾದರು.

ಇಂದು ಊರಿನ ಪತ್ರಿಕೆಯನ್ನು ಮುಚ್ಚಿಸಲು 1908ರಂಥ ಕಾನೂನೇನೂ ಬೇಕಾಗಿಲ್ಲ. ಮನೆ ಬಾಡಿಗೆಗಿದೆ, ಕೆಲಸ ಖಾಲಿಯಿದೆ ಎಂಬ ಸಣ್ಣ ಜಾಹೀರಾತುಗಳು ಅಂತರ್ಜಾಲಕ್ಕೆ ಹೋದವು. 2020ರ ಕೊರೊನಾ ಕಾಲದಲ್ಲಿ ಪುಟಗಳು ಇಳಿದವು, ಅನೇಕರು ಕೆಲಸ ಕಳೆದುಕೊಂಡರು. ಅದಕ್ಕೂ ಮುಂಚೆ, 2009ರ ಲೋಕಸಭಾ ಚುನಾವಣೆಯ ಅನಂತರ, ಕಾಸಿಗಾಗಿ ಸುದ್ದಿಯ ಪಿಡುಗನ್ನು ಭಾರತೀಯ ಪತ್ರಿಕಾ ಮಂಡಳಿಯೇ ಪರಿಶೀಲಿಸಬೇಕಾಗಿ ಬಂತು. ತಾಲ್ಲೂಕು ಕೇಂದ್ರಗಳ ಎಷ್ಟೋ ವರದಿಗಾರರಿಗೆ ಸಿಗುವುದು ಅಲ್ಪ ಗೌರವಧನ. ಹಬ್ಬಕ್ಕೆ, ಮುಖಂಡರ ಹುಟ್ಟುಹಬ್ಬಕ್ಕೆ ಜಾಹೀರಾತು ತರುವ ಹೊಣೆಯೂ ಅವರದೇ. ಬೆಳಗ್ಗೆ ಯಾರ ಬಳಿ ಜಾಹೀರಾತು ಕೇಳಬೇಕೋ ಅವರ ಮೇಲೆಯೇ ಸಂಜೆ ವರದಿ ಬರೆಯುವುದು ಹೇಗೆ? ಪುರಸಭೆಯ ಸಭೆಗೆ ಹೋಗಿ ಕೊನೆಯವರೆಗೂ ಕುಳಿತು ಬರೆಯುವವರು ವಿರಳರಾಗಿದ್ದಾರೆ.

ಡಿ.ವಿ.ಜಿ. ಪೆಟ್ಟಿಗೆಯಲ್ಲಿ ಉಳಿಸಿದ ಚೆಕ್ಕುಗಳನ್ನು ನಾವು ಆದರ್ಶವೆಂದು ಹೊಗಳುತ್ತೇವೆ. ಆದರೆ ಆ ಆದರ್ಶದ ಬೆಲೆಯನ್ನು ತೆತ್ತದ್ದು ಅವರೊಬ್ಬರೇ ಅಲ್ಲ, ಅವರ ಮನೆಯೂ ಹೌದು. ಅಂಥ ಬೆಲೆಯನ್ನು ಪ್ರತಿಯೊಬ್ಬ ತಾಲ್ಲೂಕು ವರದಿಗಾರನಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ. ವರದಿಗಾರನಿಗೆ ಸಂಬಳ, ಸಂಪಾದಕನಿಗೆ ಸ್ವಾತಂತ್ರ್ಯ, ಎರಡನ್ನೂ ತನ್ನ ಚಂದಾ ಹಣದಿಂದ ಪೋಷಿಸುವ ಓದುಗ - ಈ ಮೂವರಲ್ಲಿ ಒಬ್ಬರು ತಪ್ಪಿದರೂ ಊರಿನ ಪತ್ರಿಕೆ ಹೆಸರಿಗಷ್ಟೇ ಉಳಿಯುತ್ತದೆ. ಮುದ್ರಣದ ಪುಟದಿಂದ ತೆರೆಗೆ ಬಂದ ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತದೆ. ಮುಳಬಾಗಿಲಿನ ಆ ಮೆಟ್ರಿಕ್ ಫೇಲಾದ ಹುಡುಗ ತನ್ನ ಪಾಲಿನ ಕೆಲಸ ಮುಗಿಸಿ ಹೋಗಿದ್ದಾನೆ. ಉಳಿದಿರುವುದು ನಮ್ಮ ಪಾಲಿನದು.