ಎರಡು ಬೆರಳಿನ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್



ಈ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ಗಿಟಾರ್ ವಾದಕರ ಜೀವನ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಅವರ ಹೆಸರು ಜಾಂಗೊ ರೈನ್‌ಹಾರ್ಟ್. ಅವರು ರಾಜರಲ್ಲ, ವಿಜ್ಞಾನಿಯೂ ಅಲ್ಲ. ಶಾಲೆಗೂ ಸರಿಯಾಗಿ ಹೋದವರಲ್ಲ. ಆದರೆ ಅವರ ಕಥೆ ಓದಿದ ಮೇಲೆ ಬೇರೆ ಯಾರ ಬಗ್ಗೆಯೂ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ.

ಜಾಂಗೊ 1910ನೇ ಇಸವಿ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬರ್ಶಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹುಟ್ಟಿದ್ದು ಮನೆಯಲ್ಲಲ್ಲ, ಗಾಡಿಯಲ್ಲಿ! ಅವನ ತಂದೆತಾಯಿ ರೋಮಾ ಜನಾಂಗದವರು. ಇವರನ್ನು ಹೊರಗಿನವರು ಜಿಪ್ಸಿಗಳು ಅಂತ ಕರೆಯುತ್ತಾರೆ. ಕುದುರೆ ಗಾಡಿಯೇ ಅವರ ಮನೆ, ಊರೂರು ತಿರುಗುವುದೇ ಅವರ ಜೀವನ. ಇವರ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಭಾರತದ ಉತ್ತರ ಭಾಗದಿಂದಲೇ ಹೊರಟವರು. ಅವರ ಭಾಷೆಯಲ್ಲಿ ಈಗಲೂ ನೀರಿಗೆ ಪಾನಿ ಅನ್ನುತ್ತಾರೆ. ಜಾಂಗೊ ಅಂದರೆ ಎಚ್ಚರವಾಗುತ್ತೇನೆ ಎಂದು ಅರ್ಥವಂತೆ. ನಮ್ಮ ಜಾಗರಣೆ ಎಂಬ ಪದದ ದೂರದ ನೆಂಟ ಇರಬೇಕು ಅಂತ ನನಗೆ ಅನ್ನಿಸಿತು.

ಜಾಂಗೊ ಬೆಳೆದದ್ದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಹೊರಗಿನ ಬಯಲಿನಲ್ಲಿ. ಅಲ್ಲಿ ರೋಮಾ ಜನ ಗಾಡಿ ನಿಲ್ಲಿಸಿಕೊಂಡು ಇರುತ್ತಿದ್ದರು. ಅವನಿಗೆ 12 ವರ್ಷವಾದಾಗ ನೆರೆಯವರೊಬ್ಬರು ಒಂದು ಬ್ಯಾಂಜೊ ಕೊಟ್ಟರು. ಅದೇ ಅವನ ಸ್ವಂತದ ಮೊದಲ ವಾದ್ಯ. ಬ್ಯಾಂಜೊ ಎಂದರೆ ಏನು ಗೊತ್ತಾ? ಅದರ ಹೊಟ್ಟೆ ದುಂಡಗೆ ಇರುತ್ತೆ. ಮೇಲೆ ನಮ್ಮ ಕಂಜರದ ಹಾಗೆ ಚರ್ಮ ಬಿಗಿದಿರುತ್ತಾರೆ. ಜಾಂಗೊಗೆ ಸಿಕ್ಕಿದ್ದರಲ್ಲಿ ಗಿಟಾರಿನ ಹಾಗೇ ಆರು ತಂತಿ ಇದ್ದವು. ಅವನಿಗೆ ಗುರು ಇಲ್ಲ, ಪುಸ್ತಕ ಇಲ್ಲ. ದೊಡ್ಡವರು ನುಡಿಸುವಾಗ ಅವರ ಬೆರಳು ಎಲ್ಲಿ ಕೂರುತ್ತೆ, ಎಲ್ಲಿ ಏಳುತ್ತೆ ಅಂತ ನೋಡಿ ನೋಡಿಯೇ ಕಲಿತನು.

ಸ್ವಲ್ಪ ದಿನದಲ್ಲೇ ಅವನು ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ನುಡಿಸತೊಡಗಿದನು. ಅಲ್ಲಿ ಅಕಾರ್ಡಿಯನ್ ಎಂಬ ವಾದ್ಯ ಜೋರಾಗಿ ಮೊಳಗುತ್ತಿತ್ತು. ಅದು ಕೊರಳಿಗೆ ಹಾಕಿಕೊಂಡು ನುಡಿಸುವ ಹಾರ್ಮೋನಿಯಂ ತರಹ. ಜನ ಕುಣಿಯುವ ಸದ್ದು ಬೇರೆ. ಆಗ ಮೈಕ್ ಎಲ್ಲ ಕಡೆ ಇರಲಿಲ್ಲ. ಅಷ್ಟು ಗಲಾಟೆಯಲ್ಲಿ ಬ್ಯಾಂಜೊ ಕೇಳಿಸಬೇಕಾದರೆ ಬಲಗೈಯಿಂದ ತಂತಿಯನ್ನು ಗಟ್ಟಿಯಾಗಿ, ತಾಳ ತಪ್ಪದೆ ಮೀಟಬೇಕು. ರಾತ್ರಿಯೆಲ್ಲ ಹೀಗೆ ಮೀಟಿ ಮೀಟಿ ಅವನ ಬಲಗೈ ಪಳಗಿತು. ಈ ಬಲಗೈ ವಿಷಯವನ್ನು ನೀವು ಮರೆಯಬಾರದು, ಮುಂದೆ ಬರುತ್ತೆ.

1928ರಲ್ಲಿ ಅವನ ಬ್ಯಾಂಜೊ ವಾದನ ಮೊದಲ ಸಲ ಗ್ರಾಮಫೋನ್ ತಟ್ಟೆಯಲ್ಲಿ ಬಂತು. ಅವನಿಗೆ ಓದು ಬರಹ ಬಾರದು, ಅದರ ಮೇಲೆ ಅವನ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದ್ದರು. ಇಂಗ್ಲೆಂಡಿನ ಜಾಕ್ ಹಿಲ್ಟನ್ ಎಂಬ ದೊಡ್ಡ ವಾದ್ಯಗೋಷ್ಠಿಯ ನಾಯಕರು ಅವನ ವಾದನ ಕೇಳಿ ತಮ್ಮ ಗೋಷ್ಠಿಗೆ ಕರೆದರು. ಅವನಿಗೆ ಆಗ ಬರೀ 18 ವರ್ಷ. ಅದೃಷ್ಟ ಬಾಗಿಲಿಗೆ ಬಂದಿತ್ತು.

ಆದರೆ ಅದೇ ವರ್ಷ ಒಂದು ರಾತ್ರಿ ಘೋರ ಅನಾಹುತವಾಯಿತು. ಅವನ ಹೆಂಡತಿ ಮಾರುವುದಕ್ಕೆಂದು ಸೆಲ್ಯುಲಾಯ್ಡ್ ಹೂವುಗಳನ್ನು ಮಾಡಿ ಗಾಡಿ ತುಂಬ ಇಟ್ಟಿದ್ದಳು. ಸೆಲ್ಯುಲಾಯ್ಡ್ ಎಂದರೆ ಹಳೇ ಕಾಲದ ಸಿನಿಮಾ ರೀಲು ಮಾಡುತ್ತಿದ್ದ ವಸ್ತು. ಕಿಡಿ ಸೋಕಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತೆ. ಮೇಣದ ಬತ್ತಿಯ ಬೆಂಕಿ ಆ ಹೂವುಗಳಿಗೆ ತಗುಲಿತು. ಗಾಡಿಯೆಲ್ಲ ಉರಿಯಿತು. ಜಾಂಗೊ ಕಂಬಳಿಯನ್ನು ಎಡಗೈಯಲ್ಲಿ ಹಿಡಿದು ಅಡ್ಡ ಮಾಡಿಕೊಂಡು ಹೊರಗೆ ಬಂದನು. ಗಂಡ ಹೆಂಡತಿ ಇಬ್ಬರ ಜೀವವೂ ಉಳಿಯಿತು. ಆದರೆ ಅವನ ಎಡಗೈ ಮತ್ತು ಬಲಗಾಲು ಸುಟ್ಟು ಹೋಗಿದ್ದವು.

ಕಾಲನ್ನು ಕತ್ತರಿಸಬೇಕು ಅಂತ ವೈದ್ಯರು ಹೇಳಿದರು. ಅವನು ಒಪ್ಪಲೇ ಇಲ್ಲ. ಹೇಗೋ ಕಾಲು ಉಳಿಯಿತು, ಆಮೇಲೆ ಕೋಲು ಊರಿಕೊಂಡು ನಡೆದನು. ಆದರೆ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮುದುರಿಕೊಂಡು ಬಿಟ್ಟವು, ನೆಟ್ಟಗಾಗಲಿಲ್ಲ. ತಂತಿ ವಾದ್ಯದಲ್ಲಿ ಎಡಗೈ ಬೆರಳು ತಂತಿ ಒತ್ತಿ ಸ್ವರ ಹುಡುಕುತ್ತೆ, ಬಲಗೈ ಮೀಟುತ್ತೆ. ಒತ್ತುವ ನಾಲ್ಕು ಬೆರಳಲ್ಲಿ ಎರಡು ಹೋದರೆ ಇನ್ನೇನು ಉಳಿಯಿತು? ಎಲ್ಲರೂ ಅವನ ಸಂಗೀತ ಮುಗಿಯಿತು ಅಂದುಕೊಂಡರು.

ಅವನ ತಮ್ಮ ಜೋಸೆಫ್ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಆಸ್ಪತ್ರೆಗೆ ಒಂದು ಗಿಟಾರ್ ತಂದು ಕೊಟ್ಟನು. ಹೀಗೆ ಬ್ಯಾಂಜೊ ವಾದಕ ಜಾಂಗೊ ಹಾಸಿಗೆಯಲ್ಲೇ ಗಿಟಾರ್ ಕಲಿಯಲು ಕುಳಿತನು. ಸುಮಾರು ಒಂದೂವರೆ ವರ್ಷ ಹಿಡಿಯಿತು. ತೋರುಬೆರಳು ಮತ್ತು ನಡುಬೆರಳು ಎರಡನ್ನೇ ತಂತಿಯ ಉದ್ದಕ್ಕೂ ಓಡಿಸಲು ಅಭ್ಯಾಸ ಮಾಡಿದನು. ಮುದುರಿದ ಬೆರಳುಗಳನ್ನೂ ಸುಮ್ಮನೆ ಬಿಡಲಿಲ್ಲ. ಕೆಲವು ಕಡೆ ತಂತಿಯ ಮೇಲೆ ಒರಗಿಸಿ ಅವುಗಳಿಂದಲೂ ಕೆಲಸ ತೆಗೆದನು.

ಇದು ಎಷ್ಟು ಕಷ್ಟ ಅಂತ ತಿಳಿಯಲು ನಾನು ನಮ್ಮ ಶಾಲೆಯ ಹಾರ್ಮೋನಿಯಂ ಮೇಲೆ ಎರಡೇ ಬೆರಳಲ್ಲಿ ಸರಿಗಮ ನುಡಿಸಿ ನೋಡಿದೆ. ನಿಧಾನವಾದರೆ ಹೇಗೋ ಬರುತ್ತೆ. ಜೋರು ಮಾಡಿದರೆ ಬೆರಳಿಗೆ ಬೆರಳು ತಾಗುತ್ತೆ. ನೀವೂ ಬೇಕಾದರೆ ಮಾಡಿ ನೋಡಿ.

ಈಗ ಬಲಗೈ ವಿಷಯಕ್ಕೆ ಬರುತ್ತೇನೆ. ಎಡಗೈ ಸುಟ್ಟಿತು, ಆದರೆ ಬ್ಯಾಂಜೊ ಕಲಿಸಿದ ಬಲಗೈ ಹಾಗೇ ಇತ್ತು. ಗಿಟಾರಿನ ದನಿ ಬ್ಯಾಂಜೊಗಿಂತ ಮೃದು. ಅದರ ಮೇಲೆ ಬ್ಯಾಂಜೊದ ಗಟ್ಟಿ ಮೀಟು ಬಿದ್ದಾಗ ಹೊಸದೇ ಒಂದು ನಾದ ಬಂತು. ಗಾಡಿಯ ಜೊತೆ ಏನೆಲ್ಲ ಸುಟ್ಟರೂ ಮೊದಲ ವಾದ್ಯದ ವಿದ್ಯೆ ಮಾತ್ರ ಅವನ ಬಲಗೈಯಲ್ಲಿ ಉಳಿದಿತ್ತು. ಕಲಿತ ವಿದ್ಯೆಯನ್ನು ಯಾರೂ ಕದಿಯೋಕಾಗಲ್ಲ ಅಂತ ಹಿರಿಯರು ಹೇಳುತ್ತಾರೆ. ಬೆಂಕಿಯೂ ಸುಡೋಕಾಗಲ್ಲ ಅಂತ ನಾನು ಸೇರಿಸುತ್ತೇನೆ.

ಆಮೇಲೆ ಜಾಂಗೊ ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಜಾಝ್ ಸಂಗೀತವನ್ನು ಗ್ರಾಮಫೋನಿನಲ್ಲಿ ಕೇಳಿ ಮಾರುಹೋದನು. 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಅವರ ಜೊತೆ ಸೇರಿ ಪ್ಯಾರಿಸ್ಸಿನಲ್ಲಿ ಐದು ಜನರ ತಂಡ ಕಟ್ಟಿದನು. ಒಂದು ಪಿಟೀಲು, ಮೂರು ಗಿಟಾರ್, ಒಂದು ಆಳೆತ್ತರದ ಬೇಸ್ ವಾದ್ಯ. ಅದರಲ್ಲಿ ಡ್ರಮ್ ಇಲ್ಲವೇ ಇಲ್ಲ! ಎರಡು ಗಿಟಾರ್ ಮತ್ತು ಬೇಸ್ ಸೇರಿ ತಾಳ ಹಿಡಿಯುತ್ತಿದ್ದವು. ಆ ಗಿಟಾರ್‌ಗಳಲ್ಲಿ ಒಂದನ್ನು ನುಡಿಸುತ್ತಿದ್ದವನು ತಮ್ಮ ಜೋಸೆಫ್. ಈ ತಂಡದಿಂದ ಜಾಂಗೊ ಯುರೋಪಿನಲ್ಲೆಲ್ಲ ಹೆಸರಾದರು. ಇಲ್ಲಿಂದ ನಾನು ಅವರು ಅಂತಲೇ ಬರೆಯುತ್ತೇನೆ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಗ್ರಾಪೆಲ್ಲಿ ಲಂಡನ್ನಿನಲ್ಲಿ ಉಳಿದರು, ಜಾಂಗೊ ಪ್ಯಾರಿಸ್ಸಿಗೆ ಮರಳಿದರು. ನಾಜಿಗಳು ಯಹೂದಿಗಳ ಹಾಗೆಯೇ ರೋಮಾ ಜನರನ್ನೂ ಲಕ್ಷಗಟ್ಟಲೆ ಕೊಂದರು. 1943ರಲ್ಲಿ ಜಾಂಗೊ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಲು ನೋಡಿದರು, ಗಡಿಯಲ್ಲಿ ವಾಪಸು ಕಳಿಸಿದರು. ಆದರೂ ಬದುಕಿ ಉಳಿದರು. ಆ ಕತ್ತಲ ದಿನಗಳಲ್ಲೇ, 1940ರಲ್ಲಿ, ಅವರು ಮುದ್ರಿಸಿದ ನುಆಜ್ ಎಂಬ ಕೃತಿ ಬಹಳ ಪ್ರಸಿದ್ಧವಾಯಿತು. ನುಆಜ್ ಎಂದರೆ ಮೋಡಗಳು.

1946ರಲ್ಲಿ ಡ್ಯೂಕ್ ಎಲಿಂಗ್ಟನ್ ಎಂಬ ಮಹಾನ್ ಸಂಗೀತಗಾರರ ಜೊತೆ ನುಡಿಸಲು ಅಮೆರಿಕಕ್ಕೆ ಹೋದರು. ತಮಾಷೆ ಏನೆಂದರೆ, ಹೋಗುವಾಗ ಗಿಟಾರನ್ನೇ ಒಯ್ಯಲಿಲ್ಲ! ಅಲ್ಲಿ ಗಿಟಾರ್ ಮಾಡುವವರು ಸಾಲುಗಟ್ಟಿ ಕೊಡುತ್ತಾರೆ ಅಂದುಕೊಂಡಿದ್ದರು. ಹಾಗೇನೂ ಆಗಲಿಲ್ಲ. ಅಲ್ಲಿ ಸಿಕ್ಕಿದ ವಾದ್ಯದಲ್ಲೇ ನುಡಿಸಬೇಕಾಯಿತು. ಕೈಗೆ ಪಳಗಿದ ವಾದ್ಯದ ಬೆಲೆ ಆಗ ಅವರಿಗೆ ಗೊತ್ತಾಗಿರಬೇಕು.

ಕೊನೆಯ ವರ್ಷಗಳಲ್ಲಿ ಸಾಮುವಾ ಎಂಬ ನದಿ ದಂಡೆಯ ಊರಿನಲ್ಲಿ ಮೀನು ಹಿಡಿಯುತ್ತ, ಚಿತ್ರ ಬರೆಯುತ್ತ ಇದ್ದರು. 1953ನೇ ಇಸವಿ ಮೇ 16ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಅವರಿಗೆ ಬರೀ 43 ವರ್ಷ. ಅವರು ನುಡಿಸುತ್ತಿದ್ದ ಸೆಲ್ಮರ್ ಗಿಟಾರನ್ನು ಅವರ ಹೆಂಡತಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅದರ ಸಂಖ್ಯೆ 503.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂಬ ಗಾದೆ ನಮಗೆಲ್ಲ ಗೊತ್ತು. ಜಾಂಗೊ ಆಸ್ಪತ್ರೆಯ ಹಾಸಿಗೆಯಲ್ಲಿ ಬರೀ ನರಳುತ್ತ ಮಲಗಬಹುದಿತ್ತು. ಅವರು ನುಡಿಸುವುದನ್ನು ಆರಿಸಿಕೊಂಡರು. ಅದಕ್ಕೇ ಜಗತ್ತು ಇನ್ನೂ ಆ ಎರಡು ಬೆರಳಿನ ನಾದವನ್ನು ಕೇಳುತ್ತಿದೆ.

– 7ನೇ ತರಗತಿ