ಕಲ್ಲಾದ ಮರಗಳ ಬೆನ್ನು ಹತ್ತಿದವರು

ತಾರ್ನಾಕದ ನಮ್ಮ ಮನೆಯ ಶೋಕೇಸಿಗೆಂದು ಕಲ್ಲಾಗಿಹೋದ ಮರದ ತುಂಡೊಂದನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಲು ಹೊರಟಿದ್ದೆ. ಬೆಲೆ ಇತ್ತು, ಪಾಲಿಶ್ ಇತ್ತು. ಎಲ್ಲಿಂದ ಅಗೆದದ್ದು ಎಂಬ ವಿವರವೇ ಇರಲಿಲ್ಲ. ಹುಡುಕುತ್ತಾ ಹೋದವಳಿಗೆ ಸಿಕ್ಕವರು ಬೀರಬಲ್ ಸಾಹನಿ.

ಹುಟ್ಟಿದ್ದು 1891ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಭೇರಾದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದು, 1921ರಿಂದ ಲಖನೌ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಈಗಿನ ಜಾರ್ಖಂಡಿನ ರಾಜಮಹಲ್ ಬೆಟ್ಟಗಳಲ್ಲಿ ಸಿಕ್ಕ ಕಾಂಡ, ಎಲೆ, ಬೀಜಗಳಿಗೆ ಬೇರೆಬೇರೆ ಹೆಸರುಗಳಿದ್ದವು. ಅವೆಲ್ಲ ಒಂದೇ ಬಗೆಯ ಸಸ್ಯದ ಭಾಗಗಳೆಂದು 1948ರಲ್ಲಿ ತೋರಿಸಿದರು. ಆ ಗುಂಪೇ ಪೆಂಟಾಕ್ಸಿಲೀ. ಚೂರುಗಳು ಒಟ್ಟಿಗೆ ಸಿಕ್ಕಿದ್ದು ಅದಕ್ಕೆ ನೆರವಾಯಿತು. ಜಾಗ ತಿಳಿಯದ ಪಳೆಯುಳಿಕೆ, ಲಾಗ್ ಅಳಿಸಿಹೋದ ಸರ್ವರ್‌ನಂತೆ. ಏನಾಯಿತೆಂದು ಯಾರನ್ನು ಕೇಳುವುದು?

ಕ್ಷೇತ್ರಕಾರ್ಯಕ್ಕೆ ಹೆಂಡತಿ ಸಾವಿತ್ರಿಯೂ ಜೊತೆಗೆ ಹೋಗುತ್ತಿದ್ದರು. ತಮ್ಮ ಆಸ್ತಿ, ಪುಸ್ತಕ, ಪಳೆಯುಳಿಕೆಗಳ ಸಂಗ್ರಹ ಎಲ್ಲವನ್ನೂ ದಂಪತಿ ಹೊಸ ಸಂಸ್ಥೆಗೆ ಕೊಟ್ಟುಬಿಟ್ಟರು. 1949ರ ಏಪ್ರಿಲ್ 3ರಂದು ಲಖನೌದಲ್ಲಿ ನೆಹರೂ ಅದಕ್ಕೆ ಅಡಿಗಲ್ಲು ಹಾಕಿದರು. ಆ ಕಲ್ಲಿನಲ್ಲೂ ಪಳೆಯುಳಿಕೆಗಳನ್ನೇ ಕೂಡಿಸಿದ್ದರು. ಒಂದೇ ವಾರಕ್ಕೆ, ಏಪ್ರಿಲ್ 10ರಂದು, ಸಾಹನಿ ತೀರಿಕೊಂಡರು. ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದ್ದು ಸಾವಿತ್ರಿ. ಅವರ ಬಗ್ಗೆಯೇ ಬೇರೊಂದು ಲೇಖನ ಬರೆಯಬೇಕು.

ರಾಜಮಹಲ್‌ನ ಮಂಡ್ರೋದಲ್ಲಿ ಈಗ ಪಳೆಯುಳಿಕೆ ಉದ್ಯಾನವಿದೆ. ಆದರೆ ಅದೇ ಬೆಟ್ಟಸಾಲಿನಲ್ಲಿ ಜಲ್ಲಿಗಾಗಿ ಕಲ್ಲು ಒಡೆಯುತ್ತಾರೆ. ಕ್ರಷರಿಗೆ ಯಾವುದು ಬಂಡೆ, ಯಾವುದು ಕೋಟ್ಯಂತರ ವರ್ಷ ಹಳೆಯ ಮರ ಎಂಬುದು ಹೇಗೆ ಗೊತ್ತಾಗಬೇಕು?

ಕಾರ್ಟ್‌ನಿಂದ ಆ ತುಂಡನ್ನು ತೆಗೆದುಹಾಕಿದೆ. ಶೋಕೇಸಿನಲ್ಲಿ ಸದ್ಯಕ್ಕೆ ಚನ್ನಪಟ್ಟಣದ ಗೊಂಬೆ ಕೂತಿದೆ.